ಬಾಯಿ ಬಿಟ್ಟರೆ ಬಣ್ಣಗೇಡು

ನಗುವಾಗ ಬಾಯಿಗೆ ಕೈಯನ್ನು ಅಡ್ಡ ಹಿಡಿಯುವುದು ನನ್ನ ಬಹುಕಾಲದ ಅಭ್ಯಾಸ. ಇದನ್ನು ವಿನಯವೆಂದು ತಿಳಿದು ಮೆಚ್ಚಿಕೊಂಡವರುಂಟು. ಏನೋ ಗುಟ್ಟನ್ನು ಬಚ್ಚಿಟ್ಟುಕೊಂಡಿದ್ದಾನೆಂದು ಸಂಶಯಪಟ್ಟವರೂ ಉಂಟು. ಎರಡನೆಯವರೇ ಸತ್ಯಕ್ಕೆ ಹತ್ತಿರದವರು. ನನ್ನ ಮುಂದಿನ ಹಲ್ಲುಗಳ ಮೇಲೆ ಹುಣಸೆಬೀಜದ ಬಣ್ಣದ ಅಡ್ಡಪಟ್ಟೆಗಳಿವೆ. ಎಲೆಯಡಿಕೆ ನಾನು ಹಾಕುವವನಲ್ಲ. ಬೀಡಿ, ನಶ್ಯಗಳ ಸಹವಾಸವಿಲ್ಲ. ದಿನಕ್ಕೆರಡು ಬಾರಿ ಹಲ್ಲುಜ್ಜುತ್ತೇನೆ. ಆದರೂ ಅರುವತ್ತೆಂಟು ವರ್ಷಗಳ ಈ ಬಾಳಿನಲ್ಲಿ ನನ್ನ ಬಾಯನ್ನು ಕಂಡವರು ನನ್ನ ಶೀಲದ ವಿಷಯದಲ್ಲಿ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ. 'ಬಾಯಿ ಬಿಟ್ಟರೆ ಬಣ್ಣಗೇಡು' ಎಂಬ ಗಾದೆಯನ್ನು ಮಾಡಿದ ಪುಣ್ಯಾತ್ಮ ಬೇರೆ ಅರ್ಥದಲ್ಲಿ ಮಾಡಿರಬೇಕು. ನನ್ನ ಪಾಲಿಗೆ ಅದು ಅಕ್ಷರಶಃ ನಿಜ.

ನಮ್ಮೂರು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಪ್ರಾಥಮಿಕ ಶಾಲೆಯಲ್ಲಿ ಪ್ರತಿ ಸೋಮವಾರ ಉಗುರು, ಕಿವಿ, ಹಲ್ಲುಗಳ ತಪಾಸಣೆ ನಡೆಯುತ್ತಿತ್ತು. ಮೇಷ್ಟರು ಬೇರೆ ಸೀಮೆಯವರು, ಶುಚಿಯಲ್ಲಿ ಶ್ರದ್ಧೆಯುಳ್ಳವರು, ಕೆಟ್ಟವರಲ್ಲ. "ಬಾಯಿ ಬಿಡು" ಎನ್ನುವರು. ಬಿಟ್ಟೊಡನೆ ಅಂಗೈಗೆ ಎರಡು ಏಟು ಬೀಳುತ್ತಿದ್ದುವು. ಇದ್ದಿಲಿನ ಪುಡಿ, ಉಪ್ಪು, ಇಟ್ಟಿಗೆಯ ಪುಡಿ ಎಲ್ಲವನ್ನೂ ಹಾಕಿ ವಸಡು ಕಿತ್ತು ರಕ್ತ ಬರುವ ತನಕ ಉಜ್ಜಿಕೊಂಡು ಹೋದ ದಿನವೂ ಏಟು ತಪ್ಪಲಿಲ್ಲ. ತರಗತಿಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಹಲ್ಲು ಹೀಗೆಯೇ ಇದ್ದುದರಿಂದ, ಊರಿಗೆ ಊರೇ ಕೊಳಕೆಂದು ಆ ಮಹನೀಯರು ನಂಬಿಕೊಂಡೇ ವರ್ಗವಾಗಿ ಹೋದರು.

ಒಂದು ಸಂಗತಿ ಮಾತ್ರ ಅವರಿಗೆ ಬಿಡಿಸಲಾಗದ ಒಗಟಾಗಿತ್ತು. ಊರ ಹೊರಗಿನ ಕೇರಿಯಿಂದ ಐದಾರು ಮಕ್ಕಳು ಬಂದು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಮೈಮೇಲೆ ಸರಿಯಾದ ಅಂಗಿಯಿಲ್ಲದ ಆ ಮಕ್ಕಳ ಹಲ್ಲು ಮಾತ್ರ ಮಲ್ಲಿಗೆಯ ಮೊಗ್ಗಿನಂತೆ ಬೆಳ್ಳಗಿರುತ್ತಿದ್ದುವು. "ಇವರನ್ನು ನೋಡಿ ಕಲಿಯಿರೋ" ಎಂದು ಮೇಷ್ಟರು ನಮ್ಮನ್ನು ಜರೆಯುತ್ತಿದ್ದರು. ಊರಿನ ಸೇದುವ ಬಾವಿಗೆ ಆ ಮಕ್ಕಳ ಮನೆಯವರು ಕೊಡವಿಳಿಸುವ ಹಾಗಿರಲಿಲ್ಲ. ಅವರು ಹಳ್ಳದ ಮರಳನ್ನು ಬಗೆದು, ಒರತೆಯಲ್ಲಿ ತೊಟ್ಟಿಕ್ಕುವ ನೀರನ್ನು ಚಿಪ್ಪಿನಿಂದ ಮೊಗೆದು ತುಂಬಿಕೊಳ್ಳುತ್ತಿದ್ದರು. ಬಂಡೆ ಒಡೆದು ತೆಗೆದ ನಮ್ಮ ಆಳದ ಬಾವಿಯ ಬಗ್ಗೆ ನಮಗೆ ಬಹಳ ಹೆಮ್ಮೆ. ಬೇಸಗೆಯಲ್ಲೂ ಅದು ಬತ್ತುತ್ತಿರಲಿಲ್ಲ. ಆ ಹೆಮ್ಮೆಯ ಗುರುತನ್ನು ನಾನು ಇಂದಿಗೂ ಬಾಯಲ್ಲಿ ಹೊತ್ತುಕೊಂಡು ತಿರುಗುತ್ತಿದ್ದೇನೆ.

ಇದು ನನಗೆ ತಿಳಿದದ್ದು ನಲವತ್ತರ ಮೇಲೆ, ಬೆಂಗಳೂರಿನಲ್ಲಿ ಒಬ್ಬ ದಂತವೈದ್ಯೆಯ ಕುರ್ಚಿಯಲ್ಲಿ ಒರಗಿದ್ದಾಗ. ಇನ್ನೂ ಎಳೆಯ ವಯಸ್ಸಿನ ಆಕೆ ನನ್ನ ಬಾಯೊಳಕ್ಕೆ ದೀಪ ತಿರುಗಿಸಿ ನೋಡಿ, "ನಿಮ್ಮ ಊರು ಯಾವುದು ಸಾರ್? ಪಾವಗಡದ ಕಡೆಯೆ, ಮುಂಡರಗಿಯ ಕಡೆಯೆ?" ಎಂದರು. ಕವಡೆ ಹಾಕಿ ಹೇಳುವ ಜೋಯಿಸರಿಗೂ ಇಷ್ಟು ಕರಾರುವಾಕ್ಕಾಗಿ ಹೇಳಲು ಬಾರದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚಾಗಿದ್ದರೆ, ಎಳೆತನದಲ್ಲಿ ವಸಡಿನೊಳಗೆ ಹಲ್ಲು ರೂಪುಗೊಳ್ಳುತ್ತಿರುವಾಗಲೇ ಅದರ ಹೊರಕವಚ ಕೆಟ್ಟು ಹುಟ್ಟುತ್ತದೆಂದೂ, ಸುಮಾರು ಎಂಟು ವರ್ಷದೊಳಗೆ ಆಗುವ ಕೇಡು ಅದೆಂದೂ, ಆ ವಯಸ್ಸು ದಾಟಿದ ಮೇಲೆ ಅದೇ ನೀರನ್ನು ಕುಡಿಯತೊಡಗಿದವನ ಹಲ್ಲಿಗೆ ಈ ಕಲೆ ಹತ್ತುವುದಿಲ್ಲವೆಂದೂ ಅವರು ವಿವರಿಸಿದರು. ಕಲೆ ಹಲ್ಲಿನ ಮೇಲೆ ಅಂಟಿಕೊಂಡದ್ದಲ್ಲ, ಹಲ್ಲಿನೊಳಗೇ ನೆಯ್ದದ್ದು. ಇಟ್ಟಿಗೆಯ ಪುಡಿಯಿಂದ ಅದು ಹೋಗುವುದೆಂತು? ಮೇಷ್ಟರು ಅಂದು ನನಗೆ ಹೊಡೆದ ಏಟುಗಳೆಲ್ಲ ಒಂದು ಲವಣಕ್ಕೆ ಸಲ್ಲಬೇಕಾದುವು.

ಆ ದಿನದಿಂದ ಈ ವಿಷಯದ ಬೆನ್ನು ಹತ್ತಿದೆ. ನಾನು ವೈದ್ಯನಲ್ಲ. ಆದರೆ ತನ್ನ ದೇಹದ ಮೇಲೆ ಬರೆದಿಟ್ಟದ್ದನ್ನು ಓದಲು ಯಾರ ಅಪ್ಪಣೆಯೂ ಬೇಕಿಲ್ಲ.

ಕಥೆ ಪ್ರಾರಂಭವಾಗುವುದು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಎಂಬ ಪಟ್ಟಣದಲ್ಲಿ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ತರುಣ ದಂತವೈದ್ಯ ಆಗತಾನೆ ವ್ಯಾಸಂಗ ಮುಗಿಸಿ ಅಲ್ಲಿಗೆ ಬಂದ. ಆ ಊರಿನಲ್ಲಿ ಹುಟ್ಟಿ ಬೆಳೆದ ಅನೇಕರ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದನ್ನು ಕಂಡು ಬೆರಗಾದ. ಹಂದಿಯ ಮಾಂಸ ಅತಿಯಾಗಿ ತಿನ್ನುವುದರಿಂದ, ಕೆಟ್ಟ ಹಾಲು ಕುಡಿಯುವುದರಿಂದ ಎಂದು ಊರಿನವರು ತಮತಮಗೆ ತೋಚಿದಂತೆ ಕಾರಣ ಹೇಳುತ್ತಿದ್ದರು. ಗ್ರಂಥಗಳಲ್ಲಿ ಇದರ ಸುಳಿವೇ ಇರಲಿಲ್ಲ. 1909ರಲ್ಲಿ ಗ್ರೀನ್ ವರ್ಡಿಮನ್ ಬ್ಲ್ಯಾಕ್ ಎಂಬ ಹಿರಿಯ ವಿದ್ವಾಂಸರು ಅವನ ಜತೆಗೂಡಿದರು; 1915ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಕಾರಣ ಸಿಕ್ಕಲಿಲ್ಲ. ಮೆಕೇ ಬಿಡಲಿಲ್ಲ. 1923ರಲ್ಲಿ ಐಡಹೊ ಸಂಸ್ಥಾನದ ಓಕ್ಲಿ ಎಂಬ ಊರಿಗೆ ಹೋದಾಗ, ಅಲ್ಲಿನ ತಾಯಂದಿರು ಒಂದು ಮಾತು ಹೇಳಿದರು. ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಕೊಳವೆ ಹಾಕಿಸಿದ ಮೇಲೆ ಮಕ್ಕಳ ಹಲ್ಲು ಕೆಟ್ಟವೆಂದು ಅವರ ಅನುಮಾನ. ನೀರನ್ನು ಪರೀಕ್ಷಿಸಿದರೆ ದೋಷವೇನೂ ಕಾಣಲಿಲ್ಲ. ಆದರೂ ಮೆಕೇ, "ಈ ಕೊಳವೆಯನ್ನು ಬಿಟ್ಟು ಬೇರೆ ಬುಗ್ಗೆಯ ನೀರು ಕುಡಿಯಿರಿ" ಎಂದ. ಊರಿನವರು ಹಾಗೆಯೇ ಮಾಡಿದರು. ಕೆಲವು ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಬೆಳ್ಳನೆಯ ಹಲ್ಲುಗಳು ಹುಟ್ಟತೊಡಗಿದುವು.

ವಿಜ್ಞಾನದ ಇತಿಹಾಸದಲ್ಲಿ ನನಗೆ ಬಹಳ ಪ್ರಿಯವಾದ ಘಟ್ಟವಿದು. ಕಾರಣದ ಹೆಸರು ತಿಳಿಯುವ ಮೊದಲೇ ಚಿಕಿತ್ಸೆ ನಡೆದುಹೋಗಿತ್ತು. ತಾಯಂದಿರ ಮಾತಿಗೆ ಒಬ್ಬ ವೈದ್ಯ ಬೆಲೆ ಕೊಟ್ಟ, ಆ ವೈದ್ಯನ ಮಾತಿಗೆ ಒಂದು ಊರು ಬೆಲೆ ಕೊಟ್ಟಿತು.

ಹೆಸರು ಸಿಕ್ಕಿದ್ದು 1931ರಲ್ಲಿ. ಅದೂ ಒಂದು ದೊಡ್ಡ ಅಲ್ಯೂಮಿನಿಯಂ ಕಂಪೆನಿಯ ಪ್ರಯೋಗಶಾಲೆಯಲ್ಲಿ. ಆ ಕಂಪೆನಿಯವರು ಕಟ್ಟಿದ ಬಾಕ್ಸೈಟ್ ಎಂಬ ಊರಿನಲ್ಲಿಯೂ ಮಕ್ಕಳ ಹಲ್ಲು ಹೀಗೆ ಆಗಿದ್ದುವು. ಅಲ್ಯೂಮಿನಿಯಂ ಪಾತ್ರೆ ವಿಷವೆಂಬ ಗುಲ್ಲು ಬೇರೆ ಆ ಕಾಲದಲ್ಲಿ ಎದ್ದಿತ್ತು. ತಮ್ಮ ಲೋಹದ ಮಾನ ಉಳಿಸಿಕೊಳ್ಳಲು ಅವರ ಮುಖ್ಯ ರಸಾಯನಜ್ಞ ಚರ್ಚಿಲ್ ಆ ನೀರನ್ನು ಸೂಕ್ಷ್ಮವಾಗಿ ಪರೀಕ್ಷೆಗೆ ಒಡ್ಡಿದಾಗ ಫ್ಲೋರೈಡ್ ಕಾಣಿಸಿತು. ಮುಂದಿನದು ಎಲ್ಲರೂ ಬಲ್ಲದ್ದು: ಹೀಗೆ ಕಲೆಬಿದ್ದ ಹಲ್ಲು ಹುಳುಕಾಗುವುದು ಕಡಮೆಯೆಂದು ಮೆಕೇ ಮೊದಲೇ ಗಮನಿಸಿದ್ದ, ಲೀಟರಿಗೆ ಒಂದು ಮಿಲಿಗ್ರಾಂ ಮಟ್ಟದಲ್ಲಿದ್ದರೆ ಕಲೆಯ ಬಾಧೆ ಅಷ್ಟಾಗಿ ಇಲ್ಲದೆ ಹುಳುಕು ತಗ್ಗುವುದೆಂದು ಟ್ರೆಂಡ್ಲಿ ಡೀನ್ ಲೆಕ್ಕ ಹಾಕಿದರು, 1945ರ ಜನವರಿಯಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಬೇಕೆಂದೇ ಫ್ಲೋರೈಡ್ ಬೆರೆಸಲಾಯಿತು. ಆ ದೇಶದಲ್ಲಿ ಅದರ ವಾದ ವಿವಾದ ಇನ್ನೂ ಮುಗಿದಿಲ್ಲ. 2025ರಲ್ಲಿ ಯೂಟಾ, ಫ್ಲಾರಿಡಾ ಸಂಸ್ಥಾನಗಳು ಬೆರೆಸುವುದನ್ನೇ ನಿಷೇಧಿಸಿದುವು. ಅವರ ಜಗಳ ಅವರಿಗಿರಲಿ. ಬೆರೆಸಬೇಕೆ ಬೇಡವೆ ಎಂಬುದು ಅವರ ಚಿಂತೆ, ತೆಗೆಯುವುದು ಹೇಗೆಂಬುದು ನಮ್ಮದು.

ಹಲ್ಲಿನ ಕಥೆ ಇಷ್ಟಕ್ಕೇ ಮುಗಿಯುವುದಾಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಕಲೆಯ ಹಲ್ಲಿನಿಂದ ಯಾರೂ ಸಾಯುವುದಿಲ್ಲ. ಹೆಚ್ಚೆಂದರೆ ಹೆಣ್ಣು ನೋಡಲು ಬಂದವರು ಎದ್ದುಹೋಗುತ್ತಾರೆ. (ನಮ್ಮ ಕಡೆ ಎಷ್ಟು ಹೆಣ್ಣುಮಕ್ಕಳ ಮದುವೆ ಇದೊಂದರಿಂದ ತಪ್ಪಿಹೋಯಿತೆಂಬುದನ್ನು ಯಾವ ವೈದ್ಯಕೀಯ ಪತ್ರಿಕೆಯೂ ಎಣಿಸಿಲ್ಲ.) ನನ್ನ ಮನಸ್ಸಿನಲ್ಲಿರುವುದು ನಮ್ಮ ದೊಡ್ಡಪ್ಪನ ಬೆನ್ನು.

ದೊಡ್ಡಪ್ಪ ಒಳ್ಳೆಯ ಕಟ್ಟುಮಸ್ತಾದ ಆಳು. ಕಡಲೆಕಾಯಿ ಮೂಟೆಯನ್ನು ಒಬ್ಬರೇ ಗಾಡಿಗೆ ಎಸೆಯುತ್ತಿದ್ದರು. ಐವತ್ತರ ಹೊತ್ತಿಗೆ ಕತ್ತು ತಿರುಗದಾಯಿತು; ಯಾರಾದರೂ ಪಕ್ಕದಿಂದ ಕೂಗಿದರೆ ಇಡೀ ದೇಹವನ್ನೇ ತಿರುಗಿಸಿ ನೋಡಬೇಕು. ಮೊಣಕಾಲು ಮಡಚದಾದುವು. ಊಟಕ್ಕೆ ಎಲೆಯ ಮುಂದೆ ಕೂರಲಾರದೆ ಜಗುಲಿಯ ಅಂಚಿನಲ್ಲಿ ಒರಗಿ ನಿಂತೇ ಉಣ್ಣುತ್ತಿದ್ದರು. ವಾತವೆಂದು ಎಣ್ಣೆ ತಿಕ್ಕಿದರು, ನಾಟಿ ವೈದ್ಯರು ಬರೆ ಎಳೆದರು, ಆಸ್ಪತ್ರೆಯಲ್ಲಿ ಸಂಧಿವಾತವೆಂದು ಸೂಜಿಮದ್ದು ಚುಚ್ಚಿದರು. ಪ್ರತಿ ಬಾರಿಯೂ ನಾಲ್ಕು ದಿನ ನೋವು ಶಮನವಾಗುತ್ತಿತ್ತು. ಐದನೆಯ ದಿನ ಮತ್ತೆ ಅದೇ ಬಾವಿಯ ನೀರಿನೊಂದಿಗೆ ಅದೇ ನೋವು. ಇಷ್ಟು ಮಂದಿಯಲ್ಲಿ ಒಬ್ಬರಾದರೂ, "ಯಜಮಾನರೆ, ಯಾವ ನೀರು ಕುಡಿಯುತ್ತೀರಿ?" ಎಂದು ಕೇಳಲಿಲ್ಲ.

ಕೇಳುವಷ್ಟು ತಿಳಿವಳಿಕೆ ಲೋಕದಲ್ಲಿ ಆಗ ಇರಲಿಲ್ಲವೆ? ಇತ್ತು, ಅದೂ ನಮ್ಮ ನೆರೆಯಲ್ಲೇ. 1932ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಕ್ರಯೊಲೈಟ್ ಎಂಬ ಖನಿಜವನ್ನು ಪುಡಿಮಾಡುವ ಕೂಲಿಗಳ ಮೂಳೆಗಳು ವಿಪರೀತ ಸಾಂದ್ರವಾಗಿರುವುದು ಕ್ಷಕಿರಣದಲ್ಲಿ ಕಂಡಿತ್ತು. ಅದಾದ ಐದೇ ವರ್ಷಕ್ಕೆ, 1937ರಲ್ಲಿ, ಮದರಾಸಿನ ಗಿಂಡಿಯಲ್ಲಿರುವ ಕಿಂಗ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಶಾರ್ಟ್ ಮತ್ತು ಅವರ ಸಂಗಡಿಗರು ನೆಲ್ಲೂರು ಜಿಲ್ಲೆಯ ಪೊದಿಲಿ, ದರ್ಶಿ, ಕನಿಗಿರಿ ಸೀಮೆಯ ರೈತರಲ್ಲಿ ಇದೇ ರೋಗವನ್ನು ಗುರುತಿಸಿ ಪ್ರಕಟಿಸಿದರು. ಅವರಲ್ಲಿ ಮನ್ನಾಡಿ ನಾಯರ್ ಎಂಬ ನಮ್ಮವರೂ ಒಬ್ಬರಿದ್ದರು. ಉಳುವ ಎತ್ತುಗಳು ಕೀಲು ಹಿಡಿದು ಕುಂಟುತ್ತಿರುವುದನ್ನು ರೈತರು ಅದಕ್ಕೂ ಮೊದಲೇ ಕಂಡಿದ್ದರೆಂದು ಹೇಳುತ್ತಾರೆ. 1955ರಲ್ಲಿ ಸಿದ್ದೀಕಿ ಎಂಬ ವೈದ್ಯರು ನಲ್ಗೊಂಡದ ರೋಗಿಗಳ ವಿವರವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 1963ರಲ್ಲಿ ಅಮರ್‌ಜಿತ್ ಸಿಂಗ್, ಜಾಲಿ ಮೊದಲಾದವರು ಪಂಜಾಬಿನ ರೋಗಿಗಳನ್ನು ಕುರಿತು ವಿಸ್ತಾರವಾದ ಪ್ರಬಂಧ ಬರೆದರು. ಇದನ್ನು ಓದಿದಾಗ ನಾನು ಲೆಕ್ಕ ಹಾಕಿ ನೋಡಿದೆ. ದೊಡ್ಡಪ್ಪನ ಕತ್ತು ಬಿಗಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ಅವರ ರೋಗದ ಹೆಸರು, ಕಾರಣ, ಲಕ್ಷಣ ಎಲ್ಲವೂ ಅಚ್ಚಾಗಿ ಗ್ರಂಥಾಲಯಗಳಲ್ಲಿ ಕುಳಿತಿದ್ದುವು. ಕನಿಗಿರಿಗೂ ನಮಗೂ ನಡುವೆ ಇರುವುದು ಎರಡು ಮೂರು ಜಿಲ್ಲೆಗಳು ಮಾತ್ರ.

ದೇಹದೊಳಕ್ಕೆ ಹೋದ ಫ್ಲೋರೈಡಿನಲ್ಲಿ ಒಂದು ಭಾಗ ಮೂತ್ರದಲ್ಲಿ ಹೊರಬೀಳುತ್ತದೆ. ಉಳಿದದ್ದು ಮೂಳೆಯನ್ನು ಸೇರುತ್ತದೆ. ಬೆಳೆಯುವ ಮಕ್ಕಳಲ್ಲಿ ಮೂಳೆಗೆ ಸೇರುವ ಪಾಲು ಇನ್ನೂ ಹೆಚ್ಚು. ಹತ್ತು ಇಪ್ಪತ್ತು ವರ್ಷ ಹೀಗೆ ಶೇಖರವಾದ ಮೇಲೆ ಕೀಲುಗಳನ್ನು ಬಿಗಿದಿರುವ ನಾರುಗಳು ಕೂಡ ಸುಣ್ಣಗಟ್ಟಿ ಮೂಳೆಯಂತಾಗುತ್ತವೆ. ಬೆನ್ನಿನ ಮಣಿಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬೆನ್ನುಹುರಿಯ ದಾರಿ ಕಿರಿದಾಗಿ ಕೊನೆಗೆ ಕಾಲುಗಳ ಸ್ವಾಧೀನವೇ ತಪ್ಪಬಹುದು. ಇದನ್ನು ಹಳ್ಳಿಯಲ್ಲಿಯೇ ಶಂಕಿಸುವುದಕ್ಕೆ ವೈದ್ಯರು ಮೂರು ಸರಳ ಪರೀಕ್ಷೆಗಳನ್ನು ಹೇಳುತ್ತಾರೆ: ಗಲ್ಲವನ್ನು ಎದೆಗೆ ಮುಟ್ಟಿಸುವುದು, ಕೈಗಳನ್ನೆತ್ತಿ ತಲೆಯ ಹಿಂದಕ್ಕೆ ಕಟ್ಟುವುದು, ಮೊಣಕಾಲು ಬಗ್ಗಿಸದೆ ನೆಲದ ಮೇಲಿನ ನಾಣ್ಯವನ್ನು ಎತ್ತುವುದು. ಇದನ್ನು ಓದಿಕೊಂಡು ಊರಿಗೆ ಹೋದವನು, ಎಂಬತ್ತು ದಾಟಿದ್ದ ದೊಡ್ಡಪ್ಪನ ಮುಂದೆ ಒಂದು ರೂಪಾಯಿಯ ನಾಣ್ಯವನ್ನು ಹಾಕಿದೆ. ಅವರು ನಾಣ್ಯವನ್ನೂ ನನ್ನನ್ನೂ ನೋಡಿ, "ಏನ್ ಮಗಾ, ಬಗ್ಗೋ ಹಂಗಿದ್ರೆ ನಾನು ಇಷ್ಟು ವರ್ಷ ದೇವರಿಗೇ ಬಗ್ತಿರಲಿಲ್ವೆ?" ಎಂದರು. ನಾಣ್ಯವನ್ನು ನಾನೇ ಎತ್ತಿಕೊಂಡೆ.

ಈಗ ಚಿಕಿತ್ಸೆಯ ಮಾತಿಗೆ ಬರೋಣ. ಬಿಗಿದ ಬೆನ್ನನ್ನು ಮತ್ತೆ ಸಡಿಲಿಸುವ ಮದ್ದು ಇಂದಿನವರೆಗೆ ಸಿಕ್ಕಿಲ್ಲ. ಬೆನ್ನುಹುರಿ ನಲುಗಿದವರಿಗೆ ಶಸ್ತ್ರಚಿಕಿತ್ಸೆಯಿಂದ ಕೆಲವೊಮ್ಮೆ ಅನುಕೂಲವಾಗುತ್ತದೆ, ಅಷ್ಟೆ. ಹಾಗೆಂದು ಸಂಶೋಧನೆ ವ್ಯರ್ಥವಾಗಿಲ್ಲ. ಒಂದು ವಿಚಿತ್ರ ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ಫ್ಲೋರೈಡ್ ಮೂಳೆಯನ್ನು ಸಾಂದ್ರಗೊಳಿಸುತ್ತದೆಯಾದರೆ, ಮುಪ್ಪಿನಲ್ಲಿ ಮೂಳೆ ಟೊಳ್ಳಾದವರಿಗೆ ಅದನ್ನೇ ಔಷಧವಾಗಿ ಏಕೆ ಕೊಡಬಾರದೆಂದು ಪಾಶ್ಚಾತ್ಯ ವೈದ್ಯರು ಯೋಚಿಸಿದರು. ಅನೇಕ ವರ್ಷ ಕೊಟ್ಟರು ಕೂಡ. ಅಮೆರಿಕದ ಮೇಯೋ ಕ್ಲಿನಿಕ್‌ನವರು 202 ಮಂದಿ ವಯಸ್ಸಾದ ಸ್ತ್ರೀಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಫ್ಲೋರೈಡನ್ನೂ ಇನ್ನೊಂದಕ್ಕೆ ಹುಸಿಮಾತ್ರೆಯನ್ನೂ ನಾಲ್ಕು ವರ್ಷ ಕೊಟ್ಟು 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಫ್ಲೋರೈಡ್ ಪಡೆದವರ ಬೆನ್ನುಮೂಳೆಯ ಸಾಂದ್ರತೆ ನೂರಕ್ಕೆ 35ರಷ್ಟು ಏರಿತ್ತು. ಅಳತೆಯ ಯಂತ್ರವನ್ನು ನಂಬುವುದಾದರೆ ಇದು ದೊಡ್ಡ ವಿಜಯ. ಆದರೆ ಬೆನ್ನುಮೂಳೆ ಮುರಿಯುವುದು ಗಣನೀಯವಾಗಿ ಕಡಮೆಯಾಗಲಿಲ್ಲ. ಕೈಕಾಲು ಮೊದಲಾದ ಕಡೆಯ ಮೂಳೆಗಳು ಇನ್ನೂ ಹೆಚ್ಚಾಗಿಯೇ ಮುರಿದುವು. ದಪ್ಪವಾದ ಮೂಳೆಯೆಲ್ಲ ಗಟ್ಟಿಯಾದ ಮೂಳೆಯಲ್ಲ. ಯಂತ್ರದ ಅಂಕಿಯನ್ನಷ್ಟೇ ನೋಡಿ ತೃಪ್ತರಾಗದೆ, ಮುರಿದ ಮೂಳೆಗಳನ್ನು ಎಣಿಸಿ, ತಮ್ಮ ಮದ್ದು ಫಲಿಸಲಿಲ್ಲವೆಂದು ಒಪ್ಪಿಕೊಂಡ ಆ ವೈದ್ಯರ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. (ನನ್ನ ಕತ್ತು ಇನ್ನೂ ಬಾಗುತ್ತದೆ.)

ನಮ್ಮ ದೇಶದವರ ಕೆಲಸ ಇನ್ನೊಂದು ದಾರಿಯಲ್ಲಿ ನಡೆಯಿತು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಹೊಸ ಸಂಗತಿಯನ್ನು ವರದಿ ಮಾಡಿದರು. ಆಂಧ್ರದ ಫ್ಲೋರೈಡ್ ಸೀಮೆಯ ಹರೆಯದ ಹುಡುಗರಲ್ಲಿ ಮೊಣಕಾಲುಗಳು ಒಂದಕ್ಕೊಂದು ತಾಗಿ ಪಾದಗಳು ದೂರ ಸರಿಯುವ ವಿಕಾರ ಕಾಣಿಸಿಕೊಂಡಿತ್ತು. ನೀರಿನ ಜತೆಗೆ ಆಹಾರವೂ ಇದರಲ್ಲಿ ಸೇರಿಕೊಂಡಿದೆಯೆಂಬುದು ಕ್ರಮೇಣ ತಿಳಿಯುತ್ತ ಬಂದಿತು. ಹಾಲು ಮೊಸರು ಕಾಣದ, ಸುಣ್ಣದ ಅಂಶ ಸಾಲದ, ತೂಕ ಸಾಲದ ಮಕ್ಕಳ ಮೂಳೆಯನ್ನು ಈ ಲವಣ ಬಲು ಬೇಗ ಕೆಡಿಸುತ್ತದೆ. ಒಂದೇ ನಲ್ಲಿಯ ನೀರು ಕುಡಿದರೂ ಹಸು ಕಟ್ಟಿದವನ ಮಗ ಒಂದಿಷ್ಟು ತಡೆದುಕೊಳ್ಳುತ್ತಾನೆ, ಕೂಲಿಯವನ ಮಗ ಬೇಗ ಮುಗ್ಗರಿಸುತ್ತಾನೆ. ಇದೇ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಪ್ರಯೋಗದಲ್ಲಿ, ಬಾಲಕರಿಗೆ ದಿನಕ್ಕೆ 10 ಗ್ರಾಂ ಹುಣಸೆಯಂತೆ 18 ದಿನ ಕೊಟ್ಟಾಗ ಮೂತ್ರದಲ್ಲಿ ಫ್ಲೋರೈಡ್ ಹೊರಹೋಗುವುದು ಹೆಚ್ಚಾಯಿತು. ನಮ್ಮ ಕಡೆಯ ಹುಳಿಸಾರಿನ ಅಭಿಮಾನಿಗಳು ಇದನ್ನು ಕೇಳಿ ಹಿಗ್ಗಬಹುದು, ನಾನೂ ಹಿಗ್ಗಿದೆ. ಆದರೆ ಇಷ್ಟರಿಂದಲೇ ಹುಣಸೆ ಈ ರೋಗದ ಮದ್ದಾಗುವುದಿಲ್ಲ. ಒಂದು ಕಡೆಯಿಂದ ತುಂಬುತ್ತಲೇ ಇರುವ ಕೊಡವನ್ನು ಇನ್ನೊಂದು ಕಡೆಯಿಂದ ಚಮಚೆಯಲ್ಲಿ ಬರಿದುಮಾಡಿದಂತೆ ಅದು.

ಓಕ್ಲಿಯ ತಾಯಂದಿರು ಕಂಡುಕೊಂಡದ್ದೇ ಇಂದಿಗೂ ಈ ರೋಗದ ಮುಖ್ಯ ಚಿಕಿತ್ಸೆ: ನೀರನ್ನು ಬದಲಿಸುವುದು. ವೈದ್ಯಶಾಸ್ತ್ರದ ದೃಷ್ಟಿಯಿಂದ ಇದು ತೀರ ಸಪ್ಪೆಯಾದ ಚಿಕಿತ್ಸೆ. ಇದಕ್ಕೆ ಶಸ್ತ್ರಾಗಾರ ಬೇಡ, ಹೊಸ ಮಾತ್ರೆ ಬೇಡ. ಆದುದರಿಂದಲೇ ಏನೋ ಇದರಲ್ಲಿ ಯಾರಿಗೂ ಉತ್ಸಾಹವಿಲ್ಲ. ನಗರದಲ್ಲಿ ಹಲ್ಲನ್ನು ಬಿಳುಪು ಮಾಡಿಕೊಳ್ಳುವುದಕ್ಕೆ, ಮೇಲೆ ತೆಳು ಹೊದಿಕೆ ಹಾಕಿಸಿಕೊಳ್ಳುವುದಕ್ಕೆ ಸಾವಿರಗಟ್ಟಲೆ ಸುರಿಯುವವರಿದ್ದಾರೆ. ನನಗೂ ಸಲಹೆ ಬಂದಿತ್ತು. ಅದನ್ನು ನಾನು ಹಳಿಯುವುದಿಲ್ಲ. ಹರೆಯದಲ್ಲಿ ನನಗೆ ಅಷ್ಟು ದುಡ್ಡು ಇದ್ದಿದ್ದರೆ ಮೊದಲು ಓಡುತ್ತಿದ್ದವನು ನಾನೇ. ಆದರೆ ಆ ಕಲೆಯೊಂದು ಎಚ್ಚರಿಕೆಯ ಪತ್ರ. ಪತ್ರಕ್ಕೆ ಸುಣ್ಣ ಬಳಿದುಬಿಟ್ಟರೆ ಅದರಲ್ಲಿ ಬರೆದಿದ್ದ ಸುದ್ದಿ ಸುಳ್ಳಾಗುವುದಿಲ್ಲ.

ನೀರಿನ ವಿಷಯದಲ್ಲಿ ನಮ್ಮಲ್ಲಿ ಏನೂ ನಡೆದಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ನಾಗಪುರದ ಪರಿಸರ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪುಡಿ ಈ ಮೂರನ್ನೇ ಬಳಸಿ ಫ್ಲೋರೈಡನ್ನು ತಳಕ್ಕಿಳಿಸುವ ವಿಧಾನವನ್ನು ರೂಪಿಸಿದರು. ನಲ್ಗೊಂಡ ವಿಧಾನವೆಂದೇ ಅದು ಲೋಕದಲ್ಲಿ ಹೆಸರಾಗಿದೆ. ನಲ್ಗೊಂಡಕ್ಕೆ ಈಗ ಕೃಷ್ಣೆಯ ನೀರು ಬಂದಿದೆ. ಮುಂಡರಗಿ, ಬಾಗೇಪಲ್ಲಿ ಕಡೆಗಳಲ್ಲಿ ಮಾಳಿಗೆಯ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಕುಡಿಯುವ ಮನೆಗಳಿವೆ. ಮಳೆನೀರಿಗೆ ಬಂಡೆಯ ಸಹವಾಸವಿಲ್ಲವಾದ್ದರಿಂದ ಈ ದೋಷವೂ ಇಲ್ಲ. ತುಂಗಭದ್ರೆಯನ್ನು ನಮ್ಮ ತಾಲ್ಲೂಕಿಗೆ ತರುವ ಯೋಜನೆಯನ್ನೂ ಸರ್ಕಾರ ಕೈಗೊಂಡಿತು. ನದಿಯ ನೀರು ಬಂದ ಮೇಲೆ ಇನ್ನೇತರ ಗೋಳೆಂದು ಓದುಗರು ಕೇಳಬಹುದು.

ನನ್ನ ಉತ್ತರವಿಷ್ಟೆ. ನನ್ನ ಬಾಲ್ಯದಲ್ಲಿ ಸೇದುವ ಬಾವಿ ಒಂದೇ ಇತ್ತು, ಕೇರಿಯವರು ಅದರಿಂದ ಹೊರಗುಳಿದಿದ್ದರು. ಆಮೇಲೆ ಕೊಳವೆ ಬಾವಿ ಬಂದಿತು. ಅದು ಎಲ್ಲರಿಗೂ ಸೇರಿದ್ದು, ನಾವೆಲ್ಲ ಸಂತೋಷಪಟ್ಟೆವು. ಆಳಕ್ಕೆ ಹೋದಷ್ಟೂ ನೀರು ಕಗ್ಗಲ್ಲಿನ ಸಂದುಗಳಲ್ಲಿ ಬಹುಕಾಲ ನಿಂತು ಫ್ಲೋರೈಡನ್ನು ಕರಗಿಸಿಕೊಳ್ಳುವ ಸಂಭವ ಹೆಚ್ಚು. ನೂರಡಿಯ ಕೊಳವೆ ಬತ್ತಿ ಮುನ್ನೂರಡಿಯಾಯಿತು, ಮುನ್ನೂರಡಿಯದು ಸಾವಿರವಾಯಿತು. ಹಳ್ಳದ ಒರತೆಯೂ ಆ ವೇಳೆಗೆ ಬತ್ತಿತ್ತು. ಮಲ್ಲಿಗೆಯ ಹಲ್ಲಿನ ಆ ನನ್ನ ಸಹಪಾಠಿಗಳ ಮಕ್ಕಳ ಬಾಯಲ್ಲಿ ಇಂದು ನನ್ನ ಬಾಯಲ್ಲಿರುವುದೇ ಪಟ್ಟೆಗಳು. ನಾವು ಅವರೊಂದಿಗೆ ಹಂಚಿಕೊಂಡ ಮೊದಲ ಬಾವಿ ಅದು.

ಹೀಗೆ ನಲವತ್ತು ವರ್ಷ ಕುಡಿದವರ ಮೂಳೆ, ನದಿ ಬಂದಿತೆಂಬ ಸುದ್ದಿ ಕೇಳಿ ಹಗುರವಾಗಿಬಿಡುವುದಿಲ್ಲ. ಸೇರಿದ ಲವಣ ಹೊರಹೋಗಲು ವರ್ಷಗಳೇ ಬೇಕು. ಅವರಿಗೆ ಹಾಲು, ಸೊಪ್ಪು, ಒಳ್ಳೆಯ ನೀರು, ಅಂಗಸಾಧನೆ ಇವೆಲ್ಲ ವೈದ್ಯರ ಚೀಟಿಯಲ್ಲಿಯೇ ಬರಬೇಕು. ಬರುತ್ತಿರುವುದು ನೋವಿನ ಮಾತ್ರೆ. ಇನ್ನು ನದಿಯ ನೀರು ಬಾರದ ದಿನ, ಮೋಟರು ಕೆಟ್ಟ ದಿನ, ತೋಟದ ಮನೆಗಳಲ್ಲಿ, ಕೂಲಿಗೆ ಹೋದ ಹೊಲಗಳಲ್ಲಿ ಹಳೆಯ ಕೊಳವೆಯೇ ಗತಿ. ನಲ್ಲಿ ಇದೆಯೆಂಬುದು ಸಮಾಧಾನವಲ್ಲ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಊರಿನ ಮಟ್ಟಿಗಂತೂ ಬಾವಿಯ ನೀರು ಬಲು ಸಿಹಿಯೆಂದೇ ಪ್ರಸಿದ್ಧಿ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಇರಬಹುದೆಂದು ನಮ್ಮ ದೇಶದ ಮಾನಕ ಹೇಳುತ್ತದೆ. ನಿಮ್ಮ ಊರಿನ ನಲ್ಲಿಯಲ್ಲಿ ಎಷ್ಟಿದೆಯೆಂದು ನಿಮ್ಮಲ್ಲಿ ಎಷ್ಟು ಮಂದಿ ಬಲ್ಲಿರಿ?

ಅಂಗನವಾಡಿಯಲ್ಲಿ ತಿಂಗಳು ತಿಂಗಳು ಮಗುವನ್ನು ತೂಗಿ ಬರೆದಿಡುತ್ತಾರೆ. ಒಳ್ಳೆಯ ಪದ್ಧತಿ. ಅದರ ಜತೆಗೆ ಶಾಲೆಯಲ್ಲಿ ಎಂಟು ಒಂಬತ್ತು ವರ್ಷದ ಮಕ್ಕಳಿಗೆ ವರ್ಷಕ್ಕೊಮ್ಮೆ "ಬಾಯಿ ಬಿಡು" ಎನ್ನಬಾರದೆ? ಹೊಡೆಯುವುದಕ್ಕಲ್ಲ, ಬರೆದಿಡುವುದಕ್ಕೆ. ಹೊಸದಾಗಿ ಹುಟ್ಟಿದ ಮುಂದಿನ ಹಲ್ಲುಗಳಲ್ಲಿ ಸೀಮೆಸುಣ್ಣದ ಗೆರೆ ಎಷ್ಟು ಮಕ್ಕಳಿಗಿದೆಯೆಂದು ಎಣಿಸಿದರೆ, ಆ ಮಕ್ಕಳ ಎಳೆತನದ ಕಾಲದ ಆ ಊರಿನ ನೀರಿನ ಚರಿತ್ರೆ ಖರ್ಚಿಲ್ಲದೆ ದೊರೆಯುತ್ತದೆ. ಹಿಂದಿನ ನೀರಿನ ಸಾಕ್ಷಿ ಅದು. ಇಂದಿನದಕ್ಕೆ ನೀರನ್ನೇ ಪರೀಕ್ಷಿಸಬೇಕು. ಆ ಅಂಕಿಯನ್ನು ಶಾಲೆಯ ಗೋಡೆಯ ಮೇಲೆ, ದಿನದ ಸುಭಾಷಿತದ ಕೆಳಗೆ, ಬರೆಯಬೇಕು. ನಮ್ಮ ತಾಲ್ಲೂಕುಗಳ ಆಸ್ಪತ್ರೆಗಳಲ್ಲಿ ಕೀಲುನೋವೆಂದು ಬಂದ ಪ್ರತಿಯೊಬ್ಬರನ್ನೂ ನೀರಿನ ಪ್ರಶ್ನೆ ಕೇಳಿ, ಸಂಶಯವಿದ್ದರೆ ಮೂತ್ರದ ಫ್ಲೋರೈಡನ್ನು ಅಳೆಯಿಸಬೇಕು. "ನೀರನ್ನು ಕಾಯಿಸಿ ಆರಿಸಿ ಕುಡಿಯಿರಿ" ಎಂಬ ಸಾರ್ವಕಾಲಿಕ ಉಪದೇಶ ಇಲ್ಲಿ ಸಲ್ಲದೆಂದು ಆರೋಗ್ಯ ಕಾರ್ಯಕರ್ತೆಯರಿಗೆ ಯಾರಾದರೂ ಹೇಳಬೇಕು. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನಷ್ಟು ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ.

ಕಳೆದ ಯುಗಾದಿಗೆ ಊರಿಗೆ ಹೋಗಿದ್ದೆ. ಶುದ್ಧ ನೀರಿನ ಘಟಕದ ಬಾಗಿಲಿಗೆ ಬೀಗ ಬಿದ್ದಿತ್ತು. ಒಳಗಿನ ಯಾವುದೋ ಭಾಗ ಕೆಟ್ಟು ಎರಡು ತಿಂಗಳಾಯಿತಂತೆ. ರಿಪೇರಿಯವನು ಬರುತ್ತೇನೆಂದು ಹೇಳಿದ್ದಾನಂತೆ. ಐದು ರೂಪಾಯಿ ಹಾಕಿ ಒಂದು ಕ್ಯಾನು ನೀರು ಹಿಡಿಯುತ್ತಿದ್ದವರು ಮತ್ತೆ ಕೊಳವೆ ಬಾವಿಯ ತೊಂಬೆಯ ಮುಂದೆ ಸಾಲುಗಟ್ಟಿ ನಿಂತಿದ್ದರು. ಮನೆಯಲ್ಲಿ ತಮ್ಮನ ಮೊಮ್ಮಗಳು ನನ್ನ ಎದುರಿಗೆ ಕುಳಿತು ಒಬ್ಬಟ್ಟು ತಿನ್ನುತ್ತಿದ್ದಳು. ಎರಡನೆಯ ತರಗತಿ. ಹಾಲುಹಲ್ಲು ಬಿದ್ದು ಮುಂದೆ ಎರಡು ಹೊಸ ಹಲ್ಲು ಬಂದಿವೆ.

"ಎಲ್ಲಿ, ಬಾಯಿ ಬಿಡು ಪುಟ್ಟಿ" ಎಂದೆ.

ಅವಳು ಒಮ್ಮೆ ನನ್ನ ಬಾಯನ್ನು ನೋಡಿದಳು. ಆಮೇಲೆ ಕೈಯನ್ನು ಅಡ್ಡ ಹಿಡಿದುಕೊಂಡು ನಕ್ಕಳು.